ಹತ್ತನೆಯ ಏಟಿನ ಅರ್ಧ ಹೆಜ್ಜೆ

ಮೇ 6, ಶನಿವಾರ, ಬೆಳಿಗ್ಗೆ 7

ಐದೂವರೆಯ ಹೆಂಗಸರ ತರಗತಿ ಮುಗಿಯಿತು. ಒಂಬತ್ತು ಜನ. ಹನ್ನೆರಡು ಏಟು, ಇಪ್ಪತ್ತು ಸುತ್ತು. ಅರವತ್ತೊಂದರ ಮೊಣಕಾಲು ಗೊಣಗುತ್ತದೆ. ಗೊಣಗಲಿ.

ಹತ್ತನೆಯದು ಕಣ್ಣಿಗೆ ತಿವಿತ. ತಿವಿಯುವಾಗ ಅರ್ಧ ಹೆಜ್ಜೆ ಎಡಕ್ಕೆ — ಬೆತ್ತದ ತುದಿ ಕಣ್ಣನ್ನು ತಪ್ಪಿಸಿ ಕಿವಿಯ ಪಕ್ಕ ಹೋಗುತ್ತದೆ. ನಮ್ಮ ಸೆಬು ದ್ವೀಪದ ಬೇರೆ ಯಾವ ದೊಣ್ಣೆವರಸೆಯಲ್ಲೂ ಈ ಹೆಜ್ಜೆ ಇಲ್ಲ, ಇಡೀ ಫಿಲಿಪ್ಪೀನ್ಸಿನಲ್ಲೇ ಇಲ್ಲ. ನಮ್ಮಪ್ಪ ತಾಸ್ಯೊ ಕಟ್ಟಿದ ಪದ್ಧತಿಯಲ್ಲಿ ಮಾತ್ರ.

ಹೊಸಬಳು ಅಡೆಲ್ಫಾ ಕೇಳಿದಳು. "ಟೀಚರ್, ಕಣ್ಣಿಗೆ ಅಂತೀರಿ, ತಾಗೋದೇ ಇಲ್ವಲ್ಲ! ಕಳ್ಳ ಬಂದ್ರೆ ಕಿವಿಗೆ ಗಾಳಿ ಹಾಕ್ಲಾ?"

ಎಲ್ಲರೂ ನಕ್ಕರು. ಗೋಡೆಯ ಮೇಲೆ ಬರೆದಿರುವುದನ್ನೇ ಒಪ್ಪಿಸಿದೆ. ಬೆಟ್ಟದ ಗುಹೆಯ ಹುಟ್ಟುಕುರುಡ ಸನ್ಯಾಸಿಯಿಂದ ಅಪ್ಪ ಕಲಿತದ್ದು. ಆತ ಶಬ್ದ ಹಿಡಿದು ಹೊಡೆಯುತ್ತಿದ್ದ, ಅದಕ್ಕೇ ಕಿವಿ. ವರ್ಷಗಟ್ಟಲೆ ಹೇಳಿದ್ದು, ಇವತ್ತು ನಾಲಿಗೆ ತೊಡರಿತು. ಕುರುಡನ ಕಿವಿ ಚುರುಕು, ಸರಿ. ಎದುರಾಳಿಯ ಕಿವಿ ಶಬ್ದ ಮಾಡುತ್ತದೆಯೇ?

ಮೇ 9, ಮಂಗಳವಾರ

ತಮ್ಮ ದೋಲ್ಫೊ ಬಂದಿದ್ದ; ಅವನಿಗೆ ನಾನು ಇನ್ನೂ ಮನಾಂಗ್, ಅಕ್ಕ, ನನಗೆ ಅವನು ದೋಂಗ್, ಪುಟ್ಟ ತಮ್ಮ. ಅಪ್ಪ ತೀರಿದ ಮೇಲೆ ಅಖಾಡ ನಡೆಸುವವನು ಅವನೇ. ಮುಖ ಅರಳಿತ್ತು. ನಗರಸಭೆ ನಮ್ಮ ಅಖಾಡವನ್ನು ಪಾರಂಪರಿಕ ಸ್ಥಳ ಎನ್ನುತ್ತದಂತೆ, ಬಾಗಿಲ ಪಕ್ಕ ಕೆತ್ತಿದ ಕಲ್ಲು ಕೂರಿಸುತ್ತದಂತೆ. ಅದಕ್ಕೆ ಸಂಸ್ಥಾಪಕರ ಹಿರಿಯ ಸಂತಾನದ ಅಫಿಡವಿಟ್ ಬೇಕು. ಇಪ್ಪತ್ತಾರಕ್ಕೆ ಕೊನೆ ದಿನ.

"ಗುಹೆ, ಕುರುಡ, ಎಲ್ಲಾ ಚೆಂದಾಗಿ ಬರೆದು ಸಹಿ ಹಾಕು ಮನಾಂಗ್. ನೀನು ಹಿರಿಯಕ್ಕ. ಟೀಚರ್ ಬೇರೆ."

"ಪ್ರಮಾಣ ಮಾಡಿ ಬರೆಯೋದು, ದೋಂಗ್. ಗುಹೆ ಎಲ್ಲಿದೆ? ಸನ್ಯಾಸಿಯ ಹೆಸರೇನು?"

"ಅಪ್ಪ ಹೇಳಿದ್ದಷ್ಟೇ ನಂಗೊತ್ತು."

"ಅಪ್ಪ ಏನು ಹೇಳಿದ್ದ? 'ಕಲಿಸಿದವನು ಕುರುಡ' ಅಂತಿದ್ದ. ಮುಂದೆ ಕೇಳಿದ್ರೆ ಕಳ್ಳಿನ ಲೋಟ ಎತ್ತುತ್ತಿದ್ದ. ಗುಹೆ ನೀನು ಸೇರಿಸಿದ್ದು."

"ಗುಹೆ ಇದೆ ಅಂತಲೇ ಜರ್ಮನಿಯವರು ಕಲಿಯೋಕೆ ವಿಮಾನ ಹತ್ತಿ ಬರೋದು. ಅಡುಗೆಮನೆ ಹಿಂದೆ ಕಲಿತ ಅಂದ್ರೆ ಬೀದಿಯ ಜೀಪ್ನಿ ಗಾಡಿ ಹತ್ತಿಯೂ ಯಾರೂ ಬರಲ್ಲ."

ನನಗೂ ನಗು ಬಂತು. ಹೋಗುವಾಗ ಮತ್ತೊಂದು ಪೆನ್ನು ಜೇಬಿಗಿಳಿಸಿಕೊಂಡು ಹೋದ. ಮನೆಯಲ್ಲಿ ಬರೆಯುವ ಪೆನ್ನು ಇನ್ನು ಇದೊಂದೇ.

ಮೇ 14, ಭಾನುವಾರ, ಸಂಜೆ, ಬಸ್ಸಿನಲ್ಲಿ

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಅಪ್ಪನ ಹುಟ್ಟೂರಿಗೆ ಹೊರಟೆ. ಬಸ್ಸಿನಲ್ಲಿ ಮೂರು ಗಂಟೆ, ಆಮೇಲೆ ಬೈಕಿನ ಹಿಂದೆ ಕೂತು ಗುಡ್ಡ ಹತ್ತಿದ್ದು. ಗುಹೆ ಕೇಳಿದರೆ ಅಂಗಡಿಯವನು ನಕ್ಕ. "ಗುಹೆಯಲ್ಲಿ ಬಾವಲಿ ಇದೆ, ಗುರು ಇಲ್ಲ. ಕುರುಡ ತೆಬಾನ್ ಬೇಕಾದ್ರೆ ಅವನ ಮಗಳು ಇದ್ದಾಳೆ, ಮೇಲಿನ ಮನೆ."

ಕ್ರಿಸಾಂತಾ. ಎಪ್ಪತ್ತೇಳು. ನಮಸ್ಕರಿಸಿ ಅವಳ ಕೈ ಹಣೆಗೆ ಒತ್ತಿಕೊಂಡೆ. ಯಾರ ಮಗಳು ಎಂದಳು. ತಾಸ್ಯೊ ಎಂದೆ. ಕೈ ಹಿಂದಕ್ಕೆ ಎಳೆದುಕೊಂಡಳು.

"ಅಂತೂ ಬಂದ್ರಿ," ಅಂದಳು. "ಮೊದಲು ಉಣ್ಣು."

ಜೋಳದ ನುಚ್ಚು, ಒಣಮೀನು. ಉಂಡೆ. ಕುರುಡ ಸನ್ಯಾಸಿಯ ಮಾತೆತ್ತಿದೆ.

"ಸನ್ಯಾಸಿ? ಏಳು ಮಕ್ಕಳ ಸನ್ಯಾಸಿ! ನಮ್ಮಪ್ಪ ತೆಂಗು ಹತ್ತಿ ಕಳ್ಳು ಇಳಿಸೋನು."

ಪೊರಕೆ ತಂದು ತಿರುಗಿಸಿ ಹಿಡಿದಳು. ಅಂಗಳಕ್ಕೆ ಕರೆದಳು. ಹನ್ನೆರಡು ಏಟು — ನಮ್ಮವೇ, ಒಂದೊಂದೂ. ಹತ್ತನೆಯದರಲ್ಲಿ ಹೆಜ್ಜೆ ಇಲ್ಲ. ಪೊರಕೆಯ ಹಿಡಿ ನನ್ನ ಕಣ್ಣಿನ ಮುಂದೆ ಒಂದು ಬೆರಳಿನ ಅಂತರದಲ್ಲಿ ನಿಂತಿತು.

"ಇದು ನಮ್ಮಪ್ಪನದು. ನಿಮ್ಮಪ್ಪಂಗೆ ಆಗ ಹದಿನೇಳು. ಇಲ್ಲೇ ತಿವಿದ, ನಿಲ್ಲಿಸಕ್ಕಾಗಲಿಲ್ಲ. ನಮ್ಮಪ್ಪನ ಒಂದು ಕಣ್ಣು ಅವತ್ತೇ ಹೋಯ್ತು. ಇನ್ನೊಂದು ಕಣ್ಣು, ಮಳೆಗಾಲ ಮುಗಿಯೋದ್ರೊಳಗೆ."

ನಾನು ಕಲ್ಲಿನ ಮೇಲೆ ಕೂತೆ.

"ಬೇಕು ಅಂತ ಮಾಡಲಿಲ್ಲ. ಎರಡು ವರ್ಷ ಅವನೇ ನಮ್ಮ ಮರ ಹತ್ತಿ ಕಳ್ಳು ಇಳಿಸಿ ನಮಗೆ ಹೊಟ್ಟೆಗೆ ಹಾಕಿದ. ನಮ್ಮಪ್ಪ ಕೆಳಗೆ ಕೂತು, ಬೆತ್ತದ ಸದ್ದು ಕೇಳಿ, ಅವನಿಗೆ ಕಲಿಸ್ತಾನೇ ಇದ್ದ. ಆಮೇಲೆ ತಾಸ್ಯೊ ಪಟ್ಟಣಕ್ಕೆ ಹೋದ. ಬರಲೇ ಇಲ್ಲ."

ನಾನೇನು ಮಾಡಲಿ ಎಂದು ಕೇಳಿದೆ. ಪೊರಕೆ ಕಡ್ಡಿ ಸರಿಮಾಡುತ್ತಾ ಹೇಳಿದಳು.

"ಹುಟ್ಟುಕುರುಡ ಅಂತ ಗೋಡೆ ಮೇಲೆ ಬರ್ದಿದ್ದೀರಂತೆ. ನಾನು ಬೀಳ್ತಾ ಏಳ್ತಾ ನಡೆಯೋದು ಕಲಿತಿದ್ದನ್ನ ನಮ್ಮಪ್ಪ ನೋಡಿದಾನೆ. ನೋಡಿ ನಕ್ಕಿದಾನೆ. ಹುಟ್ಟುಕುರುಡ ಅಲ್ಲ. ಅಷ್ಟು ಬರಿ, ಸಾಕು."

ಮೇ 15

ಮೈ ಸರಿಯಿಲ್ಲ ಎಂದು ತರಗತಿ ಬಿಡಿಸಿದೆ. ಸುಳ್ಳು.

ಮೇ 23, ಮಂಗಳವಾರ

ಒಂದು ವಾರ ಈ ಪುಸ್ತಕ ಮುಟ್ಟಲಿಲ್ಲ.

ಒಂದು ಹಳೆಯ ನೆನಪು ಬಿಡುತ್ತಿಲ್ಲ. ನನಗಾಗ ಏಳು ವರ್ಷ. ಹತ್ತನೆಯದರಲ್ಲಿ ಹೆಜ್ಜೆ ಮರೆತು ನೇರ ತಿವಿದೆ. ಎದುರಿಗಿದ್ದವನು ಮೂರು ವರ್ಷದ ದೋಲ್ಫೊ. ತಾಗಲಿಲ್ಲ. ಅಪ್ಪ ನನ್ನ ಬೆತ್ತ ಕಿತ್ತು ಮೊಣಕಾಲಿಗೆ ಕೊಟ್ಟು ಮುರಿದ. ಮುರಿದು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಐವತ್ತನಾಲ್ಕು ವರ್ಷ ಹಾಗೇ ಅಂದುಕೊಂಡಿದ್ದೆ. ಮಾರನೆಯ ದಿನದಿಂದ ಹಿಮ್ಮಡಿಗೆ ತಟ್ಟಿ ತಟ್ಟಿ ಹೇಳುವುದು — "ಎಡಕ್ಕೆ, ಲೂಮಿಂಗ್. ಎಡಕ್ಕೆ."

ಅಯ್ಯೋ ಅಪ್ಪ. ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತೇ.

ಮೇ 25, ಗುರುವಾರ, ಮಧ್ಯಾಹ್ನ

ದೋಲ್ಫೊಗೆ ಹೇಳಿದೆ. ಅಖಾಡದಲ್ಲಿ, ಅಪ್ಪನ ಪಟದ ಕೆಳಗೆ.

"ಯಾವಳೋ ಮುದುಕಿ ಪೊರಕೆ ಆಡಿಸಿದ್ಲು ಅಂತ ಅಪ್ಪನನ್ನ ಕಣ್ಣು ಕಿತ್ತವನು ಅಂತ ಕಲ್ಲಲ್ಲಿ ಕೆತ್ತಿಸ್ತೀಯಾ? ಪಕ್ಕದ ಬೀದಿ ಅಖಾಡದವರು ಹಬ್ಬ ಮಾಡ್ತಾರೆ. ಈಗಲೇ ನಮ್ಮ ಹತ್ತನೆಯದನ್ನ 'ಸೊಳ್ಳೆ ಓಡಿಸೋ ಏಟು' ಅಂತಾರೆ!"

"ಹೆಜ್ಜೆ ಇಡದೆ ತಿವಿ, ನೋಡೋಣ. ನನ್ನ ಕಣ್ಣಿಗೆ. ಒಂದು ಬೆರಳು ದೂರ ನಿಲ್ಲಿಸು, ಸಾಕು."

"ತಲೆ ಕೆಟ್ಟಿದೆಯಾ?"

"ತಿವಿಯೋ, ದೋಂಗ್."

ತಿವಿದ. ಕಾಲು ಎಡಕ್ಕೆ ಹೋಯಿತು. ಛೆ ಎಂದು ಮತ್ತೆ ನಿಂತ. ಮತ್ತೆ ಎಡಕ್ಕೆ. ಮೂರನೆಯ ಸಲ ಹೆಬ್ಬೆರಳು ನೆಲಕ್ಕೆ ಊರಿ ಬಿಗಿಹಿಡಿದ. ಕೈ ಮುಂದಕ್ಕೆ ಬರುವಷ್ಟರಲ್ಲಿ ಕಾಲು ತಾನಾಗಿ ಜಾರಿತು. ಬೆತ್ತ ನನ್ನ ಕಿವಿಯ ಪಕ್ಕ ಸುಯ್ಯೆಂದಿತು.

ಕಾಲನ್ನೇ ನೋಡುತ್ತಾ ನಿಂತ. ಐವತ್ತೇಳರ ಗಂಡಸು, ಗುರು. ಆಮೇಲೆ ಬೆತ್ತ ಗೂಟಕ್ಕೆ ತೂಗುಹಾಕಿ ಹೊರಗೆ ಹೋದ.

ಮೇ 26, ಶುಕ್ರವಾರ, ಬೆಳಿಗ್ಗೆ 9.15

ಹತ್ತಕ್ಕೆ ನೋಟರಿ. ಇಲ್ಲೇ ಕರಡು ಮಾಡಿಕೊಳ್ಳುತ್ತೇನೆ, ಅಲ್ಲಿ ಟೈಪ್ ಮಾಡಿಸುವುದು.

ನಾನು, ಇಲುಮಿನಾಡಾ, ಪ್ರಮಾಣ ಮಾಡಿ ಹೇಳುವುದೇನೆಂದರೆ — ನಮ್ಮ ತಂದೆಗೆ ಈ ವಿದ್ಯೆ ಕಲಿಸಿದವರು ತೆಬಾನ್, ತೆಂಗಿನ ಕಳ್ಳು ಇಳಿಸುತ್ತಿದ್ದವರು, ತಮ್ಮ ಮನೆಯಂಗಳದಲ್ಲಿ. ಗುಹೆ ಇರಲಿಲ್ಲ. ಅವರು ಹುಟ್ಟುಕುರುಡರಲ್ಲ. ತಮ್ಮ ಮಗಳು ನಡೆಯುವುದನ್ನು ಕಂಡವರು. ಅವರ ಕಣ್ಣು ಹೋದದ್ದು ಅವರ ಶಿಷ್ಯನ ಕೈಯಿಂದ. ಹತ್ತನೆಯ ಏಟಿನ ಅರ್ಧ ಹೆಜ್ಜೆ ಆಮೇಲೆ ಬಂದದ್ದು, ಇನ್ನೊಬ್ಬರ ಕಣ್ಣು ಹೋಗದಿರಲಿ ಎಂದು. ಆ ಶಿಷ್ಯನ ಹೆಸರು

ಬರೆಯಲಾಗುತ್ತಿಲ್ಲ. ಮೂರು ಸಲ ಪೆನ್ನು ಊರಿದೆ. ಕೈ ಪಕ್ಕಕ್ಕೆ ಹೋಗುತ್ತದೆ.

ದೋಲ್ಫೊ ಬಂದಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಂಪು ಕಣ್ಣು. ಬೆನ್ನ ಹಿಂದೆ ನಿಂತು ಓದುತ್ತಿದ್ದಾನೆ. ಗದರಿಸಿದರೂ ಕದಲಲಿಲ್ಲ.

"ಅಪ್ಪನ ಹೆಸರು ನಾನು ಬರೀತೀನಿ ಮನಾಂಗ್. ಪೆನ್ನು ಕೊಡು."

ಇರುವ ಪೆನ್ನು ಇದೊಂದೇ. ಕೊಡುತ್ತಿ—