ಕೆಂಪು ದಾರದ ಚೀಲ

ಫೆಬ್ರವರಿ 3, ಬೆಳಿಗ್ಗೆ

ದೋರನಹಳ್ಳಿಯಿಂದ ಬಂದ ತೊಗರಿ ಮಿಲ್ಲಿನ ಅಂಗಳದಲ್ಲಿ ಹರವಿಸಿದ್ದಾಯಿತು. ಎಣ್ಣೆ-ನೀರು ಹಚ್ಚಿ, ಮೂರು ಬಿಸಿಲು. ಅನ್ವರಬಿಗೆಂದು ಎರಡು ಚೀಲ. ಬಸ್‌ಸ್ಟ್ಯಾಂಡ್ ಹಿಂದೆ ಖಾನಾವಳಿ ನಡೆಸುವವಳು — ಒಂದು ಹಿಡಿ ಬೇಳೆ ಕುದಿಸಿ ನೋಡದೆ ಚೀಲ ಇಳಿಸಿಕೊಳ್ಳುವುದಿಲ್ಲ. ಕರಗದಿದ್ದರೆ ಅದೇ ಆಟೋದಲ್ಲಿ ವಾಪಸ್. ಗುರುತಿಗೆ ಅವಳ ಚೀಲಕ್ಕೆ ಮಾತ್ರ ಕೆಂಪು ದಾರದ ಹೊಲಿಗೆ. ಇಡೀ ಯಾದಗಿರಿಯಲ್ಲಿ ಇಷ್ಟು ತಲೆ ತಿನ್ನುವ ಗಿರಾಕಿ ಇನ್ನೊಬ್ಬಳಿಲ್ಲ.

ಬೇಳೆ ಖರೀದಿಸುವ ಮಸ್ಕತ್‌ನವರು ಸ್ಯಾಂಪಲ್ ಕೇಳಿದ್ದಾರೆ. ಬರ್ಮಾ ಬೇಳೆ, ಆಫ್ರಿಕಾ ಬೇಳೆ, ನಮ್ಮದು — ಒಂದನ್ನು ಆರಿಸುತ್ತಾರೆ. ನಮ್ಮದಾಗದಿದ್ದರೆ ಮಿಲ್ಲಿಗೆ ಬೀಗ. ಬೇರೆ ದಾರಿ ಉಳಿದಿಲ್ಲ.

ಫೆಬ್ರವರಿ 6

ಮಸ್ಕತ್ ಮಾಲು ತಯಾರು. ಬಿಸಿಲಿಗೆ ಹಾಕಲಿಲ್ಲ. ಹೊಸ ಡ್ರೈಯರ್‌ನಲ್ಲಿ ಒಂದೇ ದಿನಕ್ಕೆ ಒಣಗಿಸಿ ಎರಡು ಸಲ ಪಾಲಿಶ್. ಏನು ಹೊಳಪು! ಹೊರದೇಶದವರಿಗೆ ಅದೇ ಬೇಕು ತಾನೆ... ಲೋಡಿಂಗ್ ನೋಡಿಕೊಳ್ಳುವ ಲಾಡ್ಲೇಸಾಬನಿಗೆ ಹೇಳಿದೆ — ಮಸ್ಕತ್‌ಗೆ ವಾಪಸ್ ಬರಬಾರದಂಥ ಮಾಲು ಹಾಕು.

ಮಗಳು ಮೌನಿಕಾಗೆ ಎಂ.ಕಾಂ. ಸೆಮಿನಾರ್. ಒಂದೊಂದು ದೇಶ ಒಂದೊಂದು ಉದ್ಯಮದಲ್ಲೇ ಯಾಕೆ ಮುಂದೆ? ಸ್ವಿಸ್ ಗಡಿಯಾರ, ಜಪಾನ್ ಕ್ಯಾಮೆರಾ...

"ಮಣ್ಣು, ಅಗ್ಗದ ಕೂಲಿ ಇಷ್ಟ ಇದ್ರ ಸಾಲಂಗಿಲ್ಲವ್ವ," ಅಂದಳು. "ಊರಾಗಿನ ಗಿರಾಕಿ ಕಿರಿಕಿರಿ ಇರಬೇಕು. ಅವರನ್ನ ಒಪ್ಪಿಸಿದವರು ಹೊರಗೂ ಗೆಲ್ಲತಾರ."

"ಹಂಗಾದ್ರ ಅನ್ವರಬಿನ್ನ ಮಸ್ಕತ್‌ಗೆ ಕಳಸೂಣೇನು?" ಎಂದೆ.

ನಕ್ಕಳು. ನನಗೆ ನಗು ಬರಲಿಲ್ಲ.

ಫೆಬ್ರವರಿ 9, ಮಧ್ಯಾಹ್ನ

ಅನ್ವರಬಿ ಚೀಲದ ಸಮೇತ ಆಟೋದಲ್ಲಿ ಬಂದಿಳಿದಳು.

"ಏನ್ ಕಳಸೀರಿ ನಾಗರತ್ನಕ್ಕಾ? ಅರ್ಧ ಕರಗ್ಯಾದ, ಅರ್ಧ ಹಂಗೇ ಕುಂತಾದ. ಬರೇ ಚಮಕ್ ಅದ."

ಚೀಲಕ್ಕೆ ಕೆಂಪಲ್ಲ, ಬಿಳಿ ದಾರ. ಮಸ್ಕತ್‌ಗೆಂದು ಡ್ರೈಯರ್‌ನಲ್ಲಿ ಒಣಗಿಸಿದ ಮಾಲು. ಲಾಡ್ಲೇಸಾಬನನ್ನು ಕೂಗಿದೆ.

"ವಾಪಸ್ ಬರಬಾರದ ಮಾಲು ಅಂದಿದ್ರಿ ಅಕ್ಕಾರ. ನಮ್ಮ ಮಿಲ್ಲಿನ್ಯಾಗ ಅದು ಕೆಂಪು ದಾರದ್ದೇ ಅಲ್ಲೇನ್ರಿ? ಅದನ್ನೇ ಮಸ್ಕತ್‌ಗೆ ಹಾಕೇನಿ. ಇವರಿಗೆ ಉಳಿದದ್ದು ಕೊಟ್ಟೇನಿ."

ಸ್ಯಾಂಪಲ್ ಹೈದರಾಬಾದಿನಿಂದ ವಿಮಾನ ಹತ್ತಿಯಾಗಿದೆ. ಹೋದದ್ದು ಖಾನಾವಳಿಯ ಬೇಳೆ. ಹೊಳಪಿಲ್ಲದ್ದು.

ಫೆಬ್ರವರಿ 11

ಮಸ್ಕತ್‌ನಿಂದ ಇನ್ನೂ ಫೋನ್ ಇಲ್ಲ.

ಫೆಬ್ರವರಿ 20

ಫೋನ್ ಬಂತು. ಮಸ್ಕತ್‌ನವರೂ ಮೂರೂ ಬೇಳೆ ಕುದಿಸಿಯೇ ನೋಡಿದರಂತೆ. ನಮ್ಮದು ಒಂದೇ ಸಮ ಕರಗಿತಂತೆ. ಆರ್ಡರ್ ನಮಗೆ.

ಕುರ್ಚಿಯಲ್ಲಿ ಕುಳಿತು ಅತ್ತೆ. ಬೀಗ ಬೇಡ.

"ಸ್ವಿಸ್ ಗಡಿಯಾರ ಬ್ಯಾಡ ಬಿಡವ್ವ," ಅಂದಳು ಮೌನಿಕಾ. "ಸೆಮಿನಾರಿಗೆ ಅನ್ವರಬಿ ಸಾಕು."

ಫೆಬ್ರವರಿ 27, ಖಾನಾವಳಿಯಲ್ಲಿ

ಡ್ರೈಯರ್ ಬಂದ್. ಅಂಗಳ ತುಂಬ ತೊಗರಿ. ಎಲ್ಲ ಚೀಲಕ್ಕೂ ಕೆಂಪು ದಾರ. ಹೊಸ ಮಾಲು, ಜೊತೆಗೆ ಮಿಠಾಯಿ ತಂದೆ. ಅನ್ವರಬಿ ಮಿಠಾಯಿ ತಿಂದಳು. ಬೇಳೆ ಒಲೆಯ ಮೇಲಿಟ್ಟಳು.

"ಮಸ್ಕತ್‌ದವರು ಒಪ್ಪಿದ್ರ ಒಪ್ಪಲಿ. ನಾ ಇನ್ನಾ ನೋಡಿಲ್ಲ."

ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಸ್ಕತ್‌ಗಿಂತ ಇಲ್ಲೇ ಹೆಚ್ಚು ಹೆದರಿಕೆ. ಮುಚ್ಚಳ ತೆಗೆದಳು. ಸೌಟು ಆಡಿಸುತ್ತಿದ್ದಾಳೆ. ಈಗ ನನ್ನ ಕಡೆ ತಿರುಗಿದಳು —