ಬಲಗಡೆಗೆ ಸರಿಸಿದ ಚೀಟಿ

ಕನ್ನಡಕದ ಅಂಗಡಿ, ಹಿಂದಿನ ಕೋಣೆ
ಬುಧವಾರ, ಮಧ್ಯಾಹ್ನ

ಸಭೆಯ ಕಾರ್ಯದರ್ಶಿಗಳಿಗೆ, ಅಂದರೆ ನನ್ನ ಗಂಡನಾದ ನಿಮಗೆ, ವಂದನೆ.

ನಾನು ಕ್ಷೇಮ. ಇದು ವಾಡಿಕೆಗೆ ಬರೆದ ಮಾತಲ್ಲ. ಹೋದ ತಿಂಗಳು ಡಾಕ್ಟರು ನನ್ನ ಫೈಲಿನಲ್ಲಿ ಹಾಗೆಯೇ ಬರೆದಿದ್ದಾರೆ. ನಿಮ್ಮ ಕ್ಷೇಮ ಕೇಳುವುದಿಲ್ಲ. ನೀವು ಯಾವಾಗಲೂ ಕ್ಷೇಮ. ಅದೇ ನಿಮ್ಮ ತೊಂದರೆ.

ಶನಿವಾರ ನಿಮ್ಮ ಲಕೋಟೆ ತಲುಪಿತು. ಒಳಗೆ ಎರಡು ಹಾಳೆ. ಒಂದು ನಿಮ್ಮ ಕಾಗದ. ಇನ್ನೊಂದು ನನ್ನ ಸಾಕ್ಷಿ. ಅದನ್ನೂ ನೀವೇ ಬರೆದಿದ್ದೀರಿ, ಟೈಪಿನಲ್ಲಿ. ನಿಮ್ಮ ಚರ್ಚಿನ ಸಭೆಗೆ ಐವತ್ತು ವರ್ಷ ತುಂಬಿದ ನೆನಪಿನ ಪುಸ್ತಕದಲ್ಲಿ ಹನ್ನೆರಡನೆಯ ಪುಟ ನನಗಾಗಿ ಖಾಲಿ ಇದೆಯಂತೆ. ಶುಕ್ರವಾರ ಅದು ಅಚ್ಚಿಗೆ ಹೋಗುತ್ತದಂತೆ. ಭಾನುವಾರ ನನ್ನ ಬದಲು ಮಗಳು ಎಲ್ಲರೆದುರು ನಿಂತು ಅದನ್ನು ಓದುತ್ತಾಳಂತೆ. ಪ್ರಾರ್ಥನೆಯಿಂದ ನನ್ನ ಮನಸ್ಸಿನ ಕಾಯಿಲೆ ಪೂರ್ತಿ ವಾಸಿಯಾಯಿತು ಎಂಬ ಆ ಹಾಳೆಯ ಕೊನೆಗೆ, ಚುಕ್ಕೆಗಳ ಗೆರೆಯ ಮೇಲೆ, ನಾನೊಂದು ಸಹಿ ಹಾಕಬೇಕು. ‘ನೀನು ಬರದಿದ್ದರೂ ಅಡ್ಡಿಯಿಲ್ಲ, ಸಹಿ ಬಂದರೆ ಸಾಕು’ ಎಂದಿದ್ದೀರಿ. ನಾನು ಮನೆ ಬಿಟ್ಟ ಈ ಆರು ವರ್ಷಗಳಲ್ಲಿ ನೀವು ಬರೆದ ಅತ್ಯಂತ ಪ್ರಾಮಾಣಿಕ ವಾಕ್ಯ ಇದು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ಮೊದಲು ಪ್ರಾರ್ಥನೆ ಮಾಡುತ್ತೀರಿ. ಆಮೆನ್ ಎಂದಾದ ಮೇಲೆ ಜಗಳ ತೆಗೆಯಲು ನನಗೆ ನಾಲಿಗೆ ಏಳುವುದಿಲ್ಲ. ಆದ್ದರಿಂದ ಕಾಗದ.

‘ನಾನು ವರ್ಷಗಟ್ಟಲೆ ಕತ್ತಲೆಯಲ್ಲಿದ್ದೆ’ ಎಂದು ನನ್ನ ಸಾಕ್ಷಿ ಶುರುವಾಗುತ್ತದೆ. ಮೊದಲ ಸಾಲೇ ತಪ್ಪು. ನನ್ನ ಕಾಯಿಲೆ ಕತ್ತಲೆಯಿಂದ ಶುರುವಾದದ್ದಲ್ಲ, ಬೆಳಕಿನಿಂದ. ನಿಮಗೆ ನೆನಪಿಲ್ಲವೆಂದರೆ ನಂಬುವುದಿಲ್ಲ. ಸಭೆಯ ನಡವಳಿ ಪುಸ್ತಕದಲ್ಲಿ ನೀವೇ ಬರೆದಿಟ್ಟಿದ್ದೀರಿ. ನಿದ್ದೆ ಬೇಡವಾಯಿತು, ಊಟ ಬೇಡವಾಯಿತು. ಒಂದೇ ವಾರದಲ್ಲಿ ಮೂವತ್ತು ಹಾಡು ಕಟ್ಟಿದೆ. ಬಾಯಿ ತೆರೆದರೆ ಪ್ರಾರ್ಥನೆ, ಅದೂ ಎಂಥ ಪ್ರಾರ್ಥನೆ! ಪಾದ್ರಿಗಳು ತಮ್ಮ ಬೋಧನೆಯನ್ನು ಮೊಟಕುಗೊಳಿಸಿ ನನಗೆ ಜಾಗ ಬಿಟ್ಟರು. ಸ್ತ್ರೀಯರ ಕೂಟದ ಅಧ್ಯಕ್ಷೆ, ಆರ್ಗನ್ ನುಡಿಸುವುದರಿಂದ ಎಲ್ಲರ ಬಾಯಲ್ಲೂ ಆರ್ಗನ್ ಅಕ್ಕ ಆದವರು, ನಿಮ್ಮ ತೋಳು ಹಿಡಿದು, ‘ಏನ್ ಕಳೆ ಬಂದಿದೆ ರೀ ನಿಮ್ಮನೆಯವ್ರ ಮುಖದಲ್ಲಿ! ಪವಿತ್ರಾತ್ಮನ ಕೆಲಸ ಅಂದ್ರೆ ಇದು’ ಎಂದರು. ನೀವು ನಾಚಿದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅವರು, ಹಗ್ಗ ಹಿಡಿದು ನಿಂತವರು ನೀವು. ಆ ಮೂರು ವಾರ ನನ್ನನ್ನು ಪ್ರೀತಿಸಿದಷ್ಟು ನೀವೆಲ್ಲ ಮತ್ತೆಂದೂ ಪ್ರೀತಿಸಲಿಲ್ಲ.

ಆಮೇಲೆ ನಾನು ಬಿದ್ದೆ. ಐದು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಬಾಚದ ಕೂದಲು ಗಂಟುಕಟ್ಟಿ ಕೊನೆಗೆ ಕತ್ತರಿಸಬೇಕಾಯಿತು. ಅದೇ ಆರ್ಗನ್ ಅಕ್ಕ ಮಂಚದ ಅಂಚಿಗೆ ಕೂತು, ಬಹಳ ಮೆತ್ತಗೆ, ‘ನೋಡಮ್ಮ, ಏನಾದ್ರೂ ಗುಪ್ತ ಪಾಪ ಇದ್ರೆ ಹೇಳ್ಕೊಂಡ್ಬಿಡು, ಹಗುರ ಆಗತ್ತೆ’ ಎಂದರು. ನನಗೆ ಸ್ನಾನ ಮಾಡುವ ಶಕ್ತಿಯೇ ಇರಲಿಲ್ಲ. ಪಾಪಕ್ಕೆ ಎಲ್ಲಿಂದ ತರಲಿ?

ಹಲಗೆಗಳ ವಿಷಯ ನಿಮ್ಮ ಸಾಕ್ಷಿಯಲ್ಲಿಲ್ಲ. ಇರಬೇಕಿತ್ತು. ದೇವಾಲಯದ ಬಾಗಿಲಿನ ಒಳಗೆ, ಎಡಗಡೆ ಬಿನ್ನಹದ ಹಲಗೆ, ಬಲಗಡೆ ಸ್ತೋತ್ರದ ಹಲಗೆ. ಎರಡಕ್ಕೂ ಹಸಿರು ಬಟ್ಟೆ, ಹಿತ್ತಾಳೆ ಗುಂಡುಪಿನ್ನು. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಚೀಟಿ ಎಡಕ್ಕೆ. ದೇವರು ಉತ್ತರ ಕೊಟ್ಟರೆ ಅದೇ ಚೀಟಿ ಬಲಕ್ಕೆ. ಡಾಕ್ಟರ ಮಾತ್ರೆ ಶುರುವಾಗಿ ಮೂರನೆಯ ತಿಂಗಳು, ತಲೆ ಬಾಚಿಕೊಂಡು ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದ ಒಂದೇ ಕಾರಣಕ್ಕೆ ನನ್ನ ಚೀಟಿ ಬಲಕ್ಕೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀವು ಜೇಬಿನ ಪೆನ್ನು ತೆಗೆದು, ನಿಮ್ಮ ದುಂಡಗಿನ ಅಕ್ಷರದಲ್ಲಿ, ‘ಉತ್ತರ ದೊರೆತಿದೆ’ ಎಂದು ಬರೆದಿರಿ.

ಉತ್ತರ ದೊರೆತ ಮೇಲೆ ಮಾತ್ರೆ ನುಂಗುವುದು ಅವಿಶ್ವಾಸ. ಹಾಗೆಂದು ನೀವು ಮಾತ್ರೆಗಳನ್ನು ಎಸೆಯಲಿಲ್ಲ. ನೀವು ಒರಟರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ ನಿಮ್ಮದು. ಡಬ್ಬಿಯನ್ನು ಬೀರುವಿನ ಮೇಲೆ, ಸೂಟ್‌ಕೇಸಿನ ಹಿಂದೆ ಇಟ್ಟು, ‘ಬೇಕಾದ್ರೆ ಕೇಳು, ತೆಗೆದುಕೊಡ್ತೀನಿ’ ಎಂದಿರಿ. ನಾನು ಕೇಳಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಈ ಕಾಗದವೂ ನಿಮ್ಮ ಸಾಕ್ಷಿಯಂಥದ್ದೇ ಆಗುತ್ತದೆ. ಬಲಗಡೆಯ ಹಲಗೆ ನನಗೂ ಇಷ್ಟವಾಗಿತ್ತು. ದಾಟುವಾಗಲೆಲ್ಲ ನನ್ನ ಹೆಸರನ್ನು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದೆ.

ಮಾತ್ರೆಯಿಲ್ಲದೆ ಹನ್ನೊಂದು ವಾರ. ಆಮೇಲೆ ಬಸ್ ನಿಲ್ದಾಣದಲ್ಲಿ ಅಪರಿಚಿತರಿಗೆ ನನ್ನ ಚಪ್ಪಲಿ, ಗಡಿಯಾರ, ಮದುವೆಯ ಉಂಗುರ ಹಂಚುತ್ತಿದ್ದಾಗ ಪೊಲೀಸರು ಆಸ್ಪತ್ರೆಗೆ ಸೇರಿಸಿದರು. ನಲವತ್ತು ದಿನ ಅಲ್ಲಿದ್ದೆ. ನಿಮ್ಮಲ್ಲಿ ನಲವತ್ತು ದಿನ ಎಂದರೆ ಏನೋ ದೊಡ್ಡ ಅರ್ಥವಿರುತ್ತದೆ. ಅಲ್ಲಿ ಅದು ಹಾಸಿಗೆಯ ಲೆಕ್ಕ ಮಾತ್ರ. ನೀವು ಪ್ರತಿ ಗುರುವಾರ ಬಂದು ಹಣ್ಣು ಇಟ್ಟು ಹೋದಿರಿ. ಸಭೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ, ಪಾದ್ರಿಗಳ ಬಾಯಿಂದಲೇ. ಚೀಟಿಯನ್ನು ವಾಪಸ್ ಎಡಕ್ಕೆ ತರಬಹುದೇ ಎಂದು ಹಿರಿಯರು ಒಂದು ಗಂಟೆ ಚರ್ಚಿಸಿದರಂತೆ. ‘ದೇವ್ರು ಕೊಟ್ಟಿದ್ದನ್ನ ನಾವು ವಾಪಸ್ ಮಾಡಿದ್ರೆ ಆತನ ಮರ್ಯಾದೆ ಏನಾಗ್ಬೇಕು?’ ಎಂದರಂತೆ ಆರ್ಗನ್ ಅಕ್ಕ. ‘ಅಂಥ ಪದ್ಧತಿ ಇಲ್ಲ’ ಎಂದು ನೀವು ನಡವಳಿಯಲ್ಲಿ ಬರೆದು ಅಡಿಗೆರೆ ಎಳೆದಿರಂತೆ. ಹೀಗೆ, ನಾನು ಕಿಟಕಿಯ ಸರಳು ಎಣಿಸುತ್ತಿದ್ದ ಆರು ಭಾನುವಾರಗಳೂ ನೀವೆಲ್ಲ ಎದ್ದು ನಿಂತು, ನಾನು ಗುಣವಾದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದಿರಿ.

ದೇವರಿಗೆ ನಗು ಬರುತ್ತದೆಯೇ ಎಂಬ ಪ್ರಶ್ನೆ ನನಗೆ ಅಂದಿನಿಂದ ಇದೆ.

ಪಾದ್ರಿಗಳು ಹೋದ ವರ್ಷ ಈ ಅಂಗಡಿಗೆ ಬಂದಿದ್ದರು, ಹೇಳಿದರೋ ಇಲ್ಲವೋ. ಅವರ ಕನ್ನಡಕದ ಗಾಜು ಎರಡು ಪಟ್ಟು ದಪ್ಪವಾಗಿದೆ. ಅದಕ್ಕೆ ಯಾರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿಲ್ಲ. ಅವರ ಕಣ್ಣಿನಲ್ಲಿ ಗುಪ್ತ ಪಾಪ ಇದೆಯೇ ಎಂದು ಯಾರೂ ಕೇಳಿಲ್ಲ. ನಾನು ಅಳತೆ ತೆಗೆದುಕೊಳ್ಳುತ್ತಿದ್ದಾಗ, ‘ನಿಮ್ಮ ನಂಬಿಕೆ ಹೇಗಿದೆ ಅಮ್ಮ?’ ಎಂದರು. ತಲೆ ಅಲ್ಲಾಡಿಸಬೇಡಿ ಎಂದೆ. ಹೊಸ ಗಾಜಿಗೆ ಮೂರು ದಿನ ಬೇಕು, ಹಳೆಯದನ್ನು ಬಿಟ್ಟುಹೋಗಬೇಕು ಎಂದೆ. ‘ಅಯ್ಯೋ, ಮೂರು ದಿನ ಕನ್ನಡಕ ಇಲ್ದೆ ಹೇಗಮ್ಮ ನಡೆದಾಡೋದು?’ ಎಂದರು. ‘ನಂಬಿಕೆಯಿಂದ’ ಎಂದೆ. ಅವರು ಹೋದ ಮೇಲೆ ನಮ್ಮ ಅಂಗಡಿಯ ಯಜಮಾನರು, ‘ಗಿರಾಕಿ ಹತ್ರ ಹೀಗಾ ಮಾತಾಡೋದು?’ ಎಂದು ಬೈದು, ಒಳಗೆ ಹೋಗಿ ಒಬ್ಬರೇ ನಕ್ಕರು.

ನಾನು ಈಗಲೂ ಪ್ರಾರ್ಥಿಸುತ್ತೇನೆಯೇ ಎಂದು ಕೇಳಿದ್ದೀರಿ. ಇಲ್ಲಿ ಇನ್ನೊಂದು ದೇವಾಲಯವಿದೆ. ಕೊನೆಯ ಬೆಂಚಿನಲ್ಲಿ ಕೂತು, ಕೊನೆಯ ಹಾಡಿಗೆ ಮೊದಲೇ ಎದ್ದು ಬರುತ್ತೇನೆ, ಯಾರೂ ಕೈ ಕುಲುಕಬಾರದೆಂದು. ಬೆಳಿಗ್ಗೆ ಮಾತ್ರೆ ನುಂಗುವಾಗ ಕಣ್ಣು ಮುಚ್ಚುತ್ತೇನೆ. ಅದು ಪ್ರಾರ್ಥನೆಯೋ, ನುಂಗುವ ಕಷ್ಟವೋ, ನನಗೇ ಖಾತ್ರಿಯಿಲ್ಲ.

ಇನ್ನು ನಿಮ್ಮ ಕಾಗದದ ಕೊನೆಯ ನಾಲ್ಕು ಸಾಲು. ನೀವು ಸಂತೋಷದಿಂದ ಬರೆದದ್ದು. ಮಗಳು ಮೂರು ವಾರದಿಂದ ಹೆಚ್ಚುಕಡಿಮೆ ನಿದ್ದೆಯೇ ಮಾಡುತ್ತಿಲ್ಲ, ಆದರೂ ದಣಿವೇ ಇಲ್ಲ. ತಾನು ಕಲಿಸುವ ಶಾಲೆಗೆ ರಜೆ ಹಾಕಿ, ದೇವಾಲಯದ ಪರದೆಗಳನ್ನೆಲ್ಲ ಒಬ್ಬಳೇ ಒಗೆದಳು. ಎರಡು ನೋಟ್‌ಬುಕ್ ತುಂಬ ಪ್ರಾರ್ಥನೆ ಬರೆದಿದ್ದಾಳೆ. ತಾಯಿಯ ಮೇಲಿದ್ದ ಕೃಪೆ ಮಗಳ ಮೇಲೆ ಎರಡರಷ್ಟಾಗಿದೆ ಎಂದು ಆರ್ಗನ್ ಅಕ್ಕ ಹೇಳಿದ್ದಾರೆ.

ಇದನ್ನು ಗಾಜು ಉಜ್ಜುವ ಯಂತ್ರದ ಮುಂದೆ ನಿಂತು ಓದಿದೆ. ಕೈಯಲ್ಲಿದ್ದ ಗಾಜು ಹಾಳಾಯಿತು. ನೀವು ಓದು ಬರಹ ಬಲ್ಲವರು, ಇಪ್ಪತ್ತು ವರ್ಷದ ನಡವಳಿ ಬರೆದವರು. ಇದೇ ನಾಲ್ಕು ಸಾಲನ್ನು ಇದೇ ಅಕ್ಷರದಲ್ಲಿ ನನ್ನ ಬಗ್ಗೆ ಒಮ್ಮೆ ಬರೆದದ್ದಿದೆ ಎಂದು ನಿಮ್ಮ ಕೈಗಾದರೂ ಅನ್ನಿಸಲಿಲ್ಲವೇ?

ಅವಳು ಗೆಳತಿಯ ಮನೆಯಲ್ಲಿ ಉಪವಾಸ ಪ್ರಾರ್ಥನೆಗೆ ಕೂತಿದ್ದಾಳೆಂದು ತಿಳಿದಿದ್ದೀರಿ. ಇಲ್ಲ. ಸೋಮವಾರ ಹನ್ನೊಂದು ಗಂಟೆಗೆ ಈ ಅಂಗಡಿಗೆ ಬಂದಳು. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ. ಕೈತುಂಬ ಹೂವು, ಯಜಮಾನರಿಗೆ, ಗಿರಾಕಿಗಳಿಗೆ, ಗೋಡೆಯ ಕನ್ನಡಿಗೂ ಒಂದೊಂದು. ‘ಅಮ್ಮ, ನಂಗೀಗ ಎಲ್ಲಾ ಅರ್ಥ ಆಗ್ತಿದೆ. ನಿಂಗೆ ಏನಾಗಿತ್ತು ಅನ್ನೋದೂ. ನೀನು ಮಧ್ಯದಲ್ಲೇ ಬಿಟ್ಟೆ, ನಾನು ಮುಗಿಸ್ತೀನಿ’ ಎಂದಳು. ಕೂರಿಸಲು ಬೇರೆ ಜಾಗವಿರಲಿಲ್ಲ, ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲಿ ಕೂರಿಸಿದೆ. ಎದುರಿನ ಅಕ್ಷರಗಳನ್ನು ಕೆಳಗಿಂದ ಮೇಲಕ್ಕೆ ಉಸಿರು ಬಿಡದೆ ಓದಿ, ಅದರಲ್ಲೂ ತನಗೊಂದು ಸಂದೇಶವಿದೆ ಎಂದಳು. ಇಪ್ಪತ್ನಾಲ್ಕು ವರ್ಷ. ಆ ಮುಖದ ಕಳೆ ನನಗೆ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದ್ದೆ.

ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ ಸಿಟ್ಟಾದಳು. ‘ಇದು ದೇವ್ರ ಸ್ವರ ಅಲ್ಲ ಅಂತ ನಿಂಗೆ ಹೇಗ್ ಗೊತ್ತು?’ ಎಂದಳು. ನೀವಾಗಿದ್ದರೆ ದೇವರದೇ ಎಂದುಬಿಡುತ್ತಿದ್ದಿರಿ. ‘ಆಗಿದ್ರೂ ಇರಬಹುದು ಕಣೇ. ನೀನು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೂ ಆತ ಮಾತಾಡಿದ್ರೆ ಕೇಳೋಣ. ದೇವ್ರಿಗೆ ಅಷ್ಟೇನ್ ಅವಸರ?’ ಎಂದೆ. ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಡಾಕ್ಟರ ಹತ್ತಿರ ಬಂದಳು.

ಈಗ ನನ್ನ ಕೋಣೆಯಲ್ಲಿ ಮಲಗಿದ್ದಾಳೆ. ಮನೆಯೊಡತಿ ಬಾಗಿಲಲ್ಲಿ ಕೂತಿದ್ದಾರೆ. ನಿನ್ನೆ ಹದಿನಾರು ಗಂಟೆ ಮಲಗಿದಳು. ಬೆಳಿಗ್ಗೆ ನೀರು ಕುಡಿಯಲು ಎದ್ದವಳು, ‘ಅಪ್ಪಂಗೆ ಬರಿ. ಆದ್ರೆ ಬೈಬೇಡ’ ಎಂದಳು. ಮೊದಲರ್ಧ ನಡೆಸಿಕೊಟ್ಟಿದ್ದೇನೆ.

ಭಾನುವಾರ ಅವಳು ಓದುವುದಿಲ್ಲ. ವಾಸಿಯಾಯಿತೆಂದು ತಾಯಿ ಸಹಿ ಹಾಕಿದ ಹಾಳೆಯನ್ನು ಅವಳೇ ಬಾಯಿಬಿಟ್ಟು ಓದಿದರೆ, ಆಮೇಲೆ ಯಾವ ಮುಖದಿಂದ ಮಾತ್ರೆ ನುಂಗುತ್ತಾಳೆ? ಸಹಿ ಹಾಕಿದ್ದೇನೆ, ನಿಮ್ಮ ಹಾಳೆಗಲ್ಲ. ಹನ್ನೆರಡನೆಯ ಪುಟಕ್ಕೆ ಇಷ್ಟು: ‘ನನಗೆ ಕಾಯಿಲೆ ಇದೆ. ದಿನಕ್ಕೆ ಎರಡು ಹೊತ್ತು ಮಾತ್ರೆ ನುಂಗುತ್ತೇನೆ. ಬಹುಪಾಲು ದಿನ ದೇವರನ್ನು ನಂಬುತ್ತೇನೆ.’ ಅಚ್ಚು ಹಾಕಿಸುವುದಿಲ್ಲವೆಂದು ಗೊತ್ತು. ಖಾಲಿ ಪುಟಕ್ಕೆ ಆರ್ಗನ್ ಅಕ್ಕನ ಫೋಟೊ ಹಾಕಿಸಿ.

ಮಗಳು ಮನೆಗೆ ಬರುವ ದಿನ ಡಾಕ್ಟರು ಹೇಳುತ್ತಾರೆ. ಬಂದಾಗ ಅವಳ ಡಬ್ಬಿ ಊಟದ ಮೇಜಿನ ಮೇಲೆ, ಉಪ್ಪಿನ ಪಕ್ಕದಲ್ಲಿರಬೇಕು. ಬೀರುವಿನ ಮೇಲೆ ಹೋದರೆ ನಾನು ಬರುತ್ತೇನೆ. ಅದು ಬೆದರಿಕೆ ಎಂದೇ ತಿಳಿಯಿರಿ.

ಇಂತಿ,
ಕಾನೂನಿನ ಪ್ರಕಾರ ಇನ್ನೂ
ನಿಮ್ಮ ಹೆಂಡತಿ

ಮರೆತದ್ದು: ಲಕೋಟೆಯ ತಳದಲ್ಲಿ ಒಂದು ಚೀಟಿ ಇದೆ, ಕಾಗದ ತೆಗೆಯುವಾಗ ಬೀಳಿಸಬೇಡಿ. ಅದರಲ್ಲಿ ‘ಒಬ್ಬ ಮಗಳು’ ಎಂದಷ್ಟೇ ಬರೆದಿದ್ದೇನೆ. ಎಡಗಡೆಯ ಹಲಗೆಗೆ ನೀವೇ ಚುಚ್ಚಿ, ಬೇರೆಯವರ ಕೈಗೆ ಕೊಡಬೇಡಿ. ನಿಮಗೆ ನಗು ಬಂದರೆ ನಗಿ. ಇಷ್ಟೆಲ್ಲ ಬೈದ ಮೇಲೂ ನನಗೆ ಕೇಳಲು ಇನ್ನೊಂದು ಜಾಗ ಗೊತ್ತಿಲ್ಲ. ನನ್ನ ಹಳೆಯ ಚೀಟಿ ಬಲಗಡೆ ಇನ್ನೂ ಇದ್ದರೆ, ಕಿತ್ತು ಅವಳದರ ಪಕ್ಕದಲ್ಲಿ ಹಾಕಿ. ಅಂಥ ಪದ್ಧತಿ ಇಲ್ಲ ಎನ್ನುತ್ತಾರೆ. ಪೆನ್ನು ನಿಮ್ಮ ಜೇಬಿನಲ್ಲೇ ಇದೆ, ‘ಪದ್ಧತಿ ಇದೆ’ ಎಂದು ಬರೆಯಿರಿ. ಮುಂದೆ ಅವಳು ತಲೆ ಬಾಚಿಕೊಂಡು, ಒಳ್ಳೆಯ ಸೀರೆಯುಟ್ಟು, ನಗುನಗುತ್ತ ಆ ಬಾಗಿಲಿಗೆ ಬಂದರೂ, ಎಲ್ಲರೂ ಚಪ್ಪಾಳೆ ತಟ್ಟಿದರೂ, ನಮ್ಮಿಬ್ಬರನ್ನೂ ಅಲ್ಲಿಂದ ಸರಿಸಬೇಡಿ.