ಲ್ಯಾಟಿನ್ ನಿಂತ ಭಾನುವಾರ

ಆಲ್ಬನ್ ಗುಡ್ಡ,
ಮಾರ್ಚ್ 16, 1965

ನನ್ನ ಮುದ್ದಿನ ಓರ್ಸೊಲಾ,

ಲಿಸ್ಬನ್‌ನಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ನಾದುತ್ತಿದ್ದ ಹಿಟ್ಟು ಬಿಟ್ಟು ದ್ರಾಕ್ಷಿತೋಟಕ್ಕೆ ಹೋಗುತ್ತೇನೆ, ತೋಟದಲ್ಲಿ ಕತ್ತರಿ ಬಿಟ್ಟು ಮನೆಗೆ ಬರುತ್ತೇನೆ.

ಇಗರ್ಜಿಯಲ್ಲಿ ಲ್ಯಾಟಿನ್ ನಿಂತಿತು, ಮಗಳೇ. ಇನ್ನು ಎಲ್ಲವೂ ಇಟಾಲಿಯನ್‌ನಲ್ಲಿ. ರೋಮ್ ಊರಾಗುವ ಮೊದಲೇ ನಮ್ಮ ಈ ಗುಡ್ಡಗಳ ಕುರುಬರು ಆಡುತ್ತಿದ್ದ ಮಾತು ಲ್ಯಾಟಿನ್ ಎಂದು ನಿಮ್ಮ ಶಾಲೆಯ ಮೇಷ್ಟ್ರು ಹೇಳುತ್ತಿದ್ದರಲ್ಲ. ಇಲ್ಲಿಂದ ಇಳಿದು ಎಲ್ಲೆಲ್ಲೋ ಹೋಯಿತು. ಲಿಸ್ಬನ್‌ಗೆ ಹೋದ ಹೊಸದರಲ್ಲಿ ನೀನೇ ಬರೆದಿದ್ದೆ: ಅಲ್ಲಿಯವರ ರೊಟ್ಟಿ, ನೀರು, ಚಂದ್ರನ ಹೆಸರುಗಳು ನಮ್ಮ ಹೆಸರುಗಳ ಅಕ್ಕತಂಗಿಯರಂತೆ ಇವೆ, ಇಗರ್ಜಿಯೊಳಗೆ ಅದೇ ಲ್ಯಾಟಿನ್ ಕೇಳಿ ಅತ್ತುಬಿಟ್ಟೆ ಎಂದು. ಹುಟ್ಟಿದ ಗುಡ್ಡದಲ್ಲೇ ಈಗ ಅದಕ್ಕೆ ಜಾಗವಿಲ್ಲ.

ಪಕ್ಕದ ಮನೆಯ ಫಿದಾಲ್ಮಾ, "ಸತ್ತವರಿಗೆ ಇಟಾಲಿಯನ್ ಎಲ್ಲಿ ಬರತ್ತೆ ಕಣೇ? ನಮ್ಮಜ್ಜಿ ಶಾಲೆ ಮೆಟ್ಟಿಲೇ ಹತ್ತಿದವಳಲ್ಲ, ಹಳ್ಳಿ ಮಾತು, ಲ್ಯಾಟಿನ್ ಪ್ರಾರ್ಥನೆ ಬಿಟ್ಟರೆ ಏನೂ ಬರ್ತಿರಲಿಲ್ಲ" ಅಂದಳು. ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಪ್ರಾರ್ಥನೆ ಹೇಳಿಕೊಡುವವಳು ನಾನು ತಾನೆ, ಇಟಾಲಿಯನ್‌ನಲ್ಲೂ ನಾನೇ ಹೇಳಿಕೊಡಬೇಕಂತೆ. ಆಗುವುದಿಲ್ಲ ಎನ್ನಲು ಪಾದ್ರಿ ತಾರ್ಚೀಸಿಯೋ ಅವರ ಬಳಿ ಹೋದೆ. ಇನ್ನೂ ಚಿಕ್ಕ ವಯಸ್ಸು ಅವರದು. ನಮ್ಮ ಮಾತೂ ದೇವರಿಗೆ ತಿಳಿಯುತ್ತದೆ ಎಂದು ಸಮಾಧಾನ ಹೇಳಿದರು.

"ದೇವರಿಗೆ ತಿಳಿಯತ್ತೆ ಸ್ವಾಮಿ. ನನಗೂ ತಿಳಿಯತ್ತಲ್ಲ, ಅದೇ ಕಷ್ಟ" ಅಂದೆ. ಅವರು ತಮಾಷೆ ಎಂದುಕೊಂಡರು.

ಮೊನ್ನೆ ಭಾನುವಾರ ಪರಲೋಕದ ತಂದೆಯ ಪ್ರಾರ್ಥನೆ ಶುರು ಮಾಡಿದೆ. ಪಕ್ಕದಲ್ಲಿ ಎಂದಿನಂತೆ ನಿನ್ನ ಚಿಕ್ಕಮ್ಮ ಕ್ಲೇಲಿಯಾ. ರೊಟ್ಟಿ ಕೊಡು ಎನ್ನುವವರೆಗೆ ಸರಾಗವಾಗಿ ಬಂತು. ಆಮೇಲಿನದು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ಎಂಬ ಸಾಲು. ಲ್ಯಾಟಿನ್‌ನಲ್ಲಿ ಎಷ್ಟು ವರ್ಷ ಹೇಳಿದ್ದೇನೋ. ಅರ್ಥ ಗೊತ್ತಿರಲಿಲ್ಲವೆಂದಲ್ಲ, ಆದರೆ ಅದು ಹಾಡಿನಂತೆ ಹರಿದು ಹೋಗುತ್ತಿತ್ತು, ನನ್ನನ್ನು ನಿಲ್ಲಿಸಿ ಏನೂ ಕೇಳುತ್ತಿರಲಿಲ್ಲ. ಮೊನ್ನೆ ಬಾಯಿಯೇ ತೆರೆಯಲಿಲ್ಲ. ಇಡೀ ಇಗರ್ಜಿ ನನಗಾಗಿ ಕಾಯುತ್ತಿತ್ತು. ಕೊನೆಗೆ ಕ್ಲೇಲಿಯಾ ಒಬ್ಬಳೇ ಆ ಸಾಲು ಹೇಳಿದಳು, ನನ್ನ ಮುಖ ನೋಡದೆ.

ಗಂಟಲು ಕಟ್ಟಿತ್ತು ಎಂದು ಊರಿಗೆಲ್ಲ ಹೇಳಿದ್ದೇನೆ. ನೀನೂ ಹಾಗೇ ತಿಳಿ.

ನಿನ್ನನ್ನೇ ನೆನೆಯುತ್ತಾ,
ಅಮ್ಮ ಸೆಸ್ಟೀಲಿಯಾ

ತಾ.ಕ.: ಹಾಗೆ ತಿಳಿಯಬೇಡ. ಯುದ್ಧದಲ್ಲಿ ಜರ್ಮನ್ನರು ನಿನ್ನ ಅಪ್ಪನನ್ನು ಹಿಡಿದದ್ದು ನಾನು ನಿನಗೆ ಹೇಳಿದಂತೆ ದಾರಿಯಲ್ಲಲ್ಲ. ಅಪ್ಪ ನಮ್ಮ ದ್ರಾಕ್ಷಾರಸ ಇಡುವ ಗುಹೆಯಲ್ಲಿ ಅಡಗಿದ್ದರು. ಸೆರೆಯಲ್ಲಿದ್ದ ತನ್ನ ಗಂಡನನ್ನು ಬಿಡಿಸಿಕೊಳ್ಳಲು ಕ್ಲೇಲಿಯಾ ಜರ್ಮನ್ನರಿಗೆ ಆ ಜಾಗ ತೋರಿಸಿದಳು. ನಿನ್ನ ಅಪ್ಪ ಮರಳಿ ಬರಲಿಲ್ಲ. ಅದನ್ನು ನಾನು ಕಂಡಿದ್ದೇನೆಂದು ಅವಳಿಗೂ ಗೊತ್ತು. ಇವತ್ತಿನವರೆಗೆ ಇಬ್ಬರೂ ಆ ಮಾತೆತ್ತಿಲ್ಲ. ಈಗ ಅವಳು ನಮ್ಮ ಬಾಗಿಲಿಗೆ ಬಂದು ನಿಂತಿದ್ದಾಳೆ. ಕಿಟಕಿಯಿಂದ ಕಾಣುತ್ತಾಳೆ, ತಟ್ಟುತ್ತಿಲ್ಲ. ಈ ಕಾಗದ ಅಂಚೆಗೆ ಹಾಕಬೇಕಾದರೆ ನಾನು ಬಾಗಿಲು ತೆರೆಯಲೇಬೇಕು.